ಎರಡು ಮತ್ತು ನಾಲ್ಕರ ಮೇಲೆ ಬೀಳುವ ಪೆಟ್ಟು: ರಾಕ್ ಅಂಡ್ ರೋಲ್ ಸಂಗೀತದ ಮೊದಲ ದಿನಗಳು

ಮೇಜಿನ ಮೇಲೆ ಕೈಯಿಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಸಮನಾದ ಲಯದಲ್ಲಿ ಎಣಿಸುತ್ತ ಹೋಗಿ. ಪ್ರತಿ ಸಲವೂ ಒಂದರ ಮೇಲೆ ಗಟ್ಟಿಯಾಗಿ ತಟ್ಟಿದರೆ ಕವಾಯತಿನ ನಡಿಗೆಯಂಥ ಲಯ ಬರುತ್ತದೆ. ನಮ್ಮ ತಾಳಪದ್ಧತಿಯಲ್ಲಿಯೂ ಆವರ್ತನದ ಭಾರ ಬೀಳುವುದು ಮೊದಲ ಎಣಿಕೆಯ ಮೇಲೆಯೇ. ಈಗ ಒಂದನ್ನೂ ಮೂರನ್ನೂ ಹಗುರವಾಗಿ ದಾಟಿಸಿ, ಎರಡರ ಮೇಲೆ ಮತ್ತು ನಾಲ್ಕರ ಮೇಲೆ ಮಾತ್ರ ಬಲವಾಗಿ ತಟ್ಟಿ ನೋಡಿ. ಎಣಿಕೆಯೂ ವೇಗವೂ ಮೊದಲಿನಂತೆಯೇ ಇದ್ದರೂ ಕೆಲವೇ ಆವರ್ತನಗಳಲ್ಲಿ ಹೆಗಲು ಅಲುಗತೊಡಗುತ್ತದೆ, ಕತ್ತು ತಾನಾಗಿಯೇ ತೂಗುತ್ತದೆ. ಸಂಗೀತಗಾರರು ಬ್ಯಾಕ್‌ಬೀಟ್ ಎಂದು ಕರೆಯುವುದು ಇದನ್ನೇ. ಮೊದಲ ಎಣಿಕೆ ಒಂದು ಪ್ರಶ್ನೆಯನ್ನು ಎತ್ತಿ ಅರ್ಧಕ್ಕೇ ನಿಲ್ಲಿಸಿದಂತೆಯೂ ಎರಡನೆಯದು ಅದಕ್ಕೆ ಉತ್ತರ ಕೊಟ್ಟಂತೆಯೂ ಕೇಳಿಸುವುದರಿಂದ, ಕೇಳುವವನ ದೇಹ ಆ ಉತ್ತರಕ್ಕಾಗಿ ಪ್ರತಿ ಬಾರಿಯೂ ಕಾಯುತ್ತದೆ, ಪ್ರತಿ ಬಾರಿಯೂ ಅದನ್ನು ಪಡೆಯುತ್ತದೆ. 1950ರ ದಶಕದಲ್ಲಿ ಅಮೆರಿಕದ ದಕ್ಷಿಣ ಭಾಗದಿಂದ ಹೊರಟು ಜಗತ್ತನ್ನೆಲ್ಲ ಸುತ್ತಿದ ರಾಕ್ ಅಂಡ್ ರೋಲ್ ಎಂಬ ಸಂಗೀತ ನಿಂತಿರುವುದು ಬಹುಮಟ್ಟಿಗೆ ಈ ಪೆಟ್ಟಿನ ಮೇಲೆ.

ಈ ಪೆಟ್ಟು ಆ ದಶಕದಲ್ಲಿ ಹುಟ್ಟಿದ್ದಲ್ಲ. ಕಪ್ಪು ಅಮೆರಿಕನ್ನರ ಚರ್ಚುಗಳಲ್ಲಿ, ಅದರಲ್ಲಿಯೂ ಪೆಂಟಕಾಸ್ಟಲ್ ಪಂಥದ ಚರ್ಚುಗಳಲ್ಲಿ, ಭಕ್ತರು ಎರಡು ಮತ್ತು ನಾಲ್ಕರ ಮೇಲೆ ಚಪ್ಪಾಳೆ ತಟ್ಟುತ್ತ ಹಾಡುವುದು ಬಹಳ ಹಿಂದಿನಿಂದಲೂ ನಡೆದುಬಂದಿತ್ತು. ಅಂಥ ಚರ್ಚಿನಲ್ಲೇ ಬೆಳೆದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಗಾಯಕಿ ಎಲೆಕ್ಟ್ರಿಕ್ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ದೇವರ ಹಾಡುಗಳನ್ನು ಹಾಡುತ್ತಿದ್ದಳು. 1944ರಲ್ಲಿ ಆಕೆ ಧ್ವನಿಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ವೆರಿ ಡೇ' ಹಾಡಿನಲ್ಲಿ ಗಿಟಾರ್ ಕಂಠದ ಹಿಂದೆ ಹಿಂದೆ ಬರುವುದಿಲ್ಲ, ಕಂಠದೊಂದಿಗೆ ಜಗಳಕ್ಕೆ ನಿಂತಂತೆ ಮುಂದೆ ನುಗ್ಗುತ್ತದೆ. ಹತ್ತು ವರ್ಷಗಳ ನಂತರ ಬಂದ ಯುವಕರನ್ನು ಈ ಸಂಗೀತದ ಜನಕರೆಂದು ಕೊಂಡಾಡುವ ಬರಹಗಳಲ್ಲಿ ಆಕೆಯ ಹೆಸರು ದೀರ್ಘಕಾಲ ಕಾಣದೆಹೋದದ್ದು ದೊಡ್ಡ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಆ ಗಿಟಾರನ್ನು ಒಮ್ಮೆ ಕೇಳಿದವರಿಗೆ ಮುಂದೆ ಬಂದದ್ದರ ಬೀಜ ಎಲ್ಲಿತ್ತೆಂದು ಬೇರೆ ಹೇಳಬೇಕಾಗುವುದಿಲ್ಲ.

ಲಯದ ಮಾತು ಹೀಗಾದರೆ, ಹಾಡಿನ ಅಸ್ಥಿಪಂಜರ ಬಂದದ್ದು ದಕ್ಷಿಣದ ಕಪ್ಪು ಅಮೆರಿಕನ್ನರ ಹಾಡಿನ ಪ್ರಕಾರವಾದ ಬ್ಲೂಸ್‌ನಿಂದ. ನಾಲ್ಕು ಎಣಿಕೆಯ ಒಂದು ಅಳತೆಯನ್ನು ಬಾರ್ ಎನ್ನುತ್ತಾರೆ. ಅಂಥ ಹನ್ನೆರಡು ಬಾರ್‌ಗಳು ಸೇರಿ, ಎಂದರೆ 48 ಎಣಿಕೆಗಳಿಗೆ, ಬ್ಲೂಸ್‌ನ ಒಂದು ಸುತ್ತು ಮುಗಿಯುತ್ತದೆ. ಈ ಸುತ್ತಿನಲ್ಲಿ ಬಳಕೆಯಾಗುವುದು ಮೂರೇ ಕಾರ್ಡ್‌ಗಳು, ಅಂದರೆ ಮೂರು ಸ್ವರಗುಚ್ಛಗಳು. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಅವು ಷಡ್ಜ, ಮಧ್ಯಮ ಮತ್ತು ಪಂಚಮಗಳ ಮೇಲೆ ಕಟ್ಟಿದ ಗುಚ್ಛಗಳು. ಮೊದಲ ನಾಲ್ಕು ಬಾರ್‌ಗಳು ಷಡ್ಜದ ಮನೆಯಲ್ಲಿ ಕಳೆಯುತ್ತವೆ. ಐದನೆಯ ಮತ್ತು ಆರನೆಯ ಬಾರ್‌ಗಳಲ್ಲಿ ಹಾಡು ಮಧ್ಯಮಕ್ಕೆ ಹೋಗಿ, ಏಳು ಎಂಟರಲ್ಲಿ ಮನೆಗೆ ಮರಳುತ್ತದೆ. ಒಂಬತ್ತರಲ್ಲಿ ಪಂಚಮಕ್ಕೇರಿ, ಹತ್ತರಲ್ಲಿ ಮಧ್ಯಮಕ್ಕಿಳಿದು, ಕೊನೆಯ ಎರಡು ಬಾರ್‌ಗಳಲ್ಲಿ ಮತ್ತೆ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಸಾಹಿತ್ಯವೂ ಹಾಗೆಯೇ: ಒಂದು ಸಾಲು, ಅದೇ ಸಾಲಿನ ಪುನರಾವರ್ತನೆ, ಆಮೇಲೆ ಅದಕ್ಕೊಂದು ಜವಾಬು. ಕಂಠವಾದರೋ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಒಂದು ಕಡೆ ಜಾರುತ್ತಿರುತ್ತದೆ. ಪಿಯಾನೋದ ಕೀಗಳಲ್ಲಿ ಆ ಸ್ವರಕ್ಕೆ ಜಾಗವಿಲ್ಲ, ಗಿಟಾರಿನ ತಂತಿಯನ್ನು ಬೆರಳಿನಿಂದ ಎಳೆದು ಬಾಗಿಸಿದರೆ ಮಾತ್ರ ಸಿಕ್ಕುತ್ತದೆ. ಗಮಕದ ಕಿವಿಯುಳ್ಳ ನಮಗೆ ಬ್ಲೂಸ್ ಬೇಗ ಹತ್ತಿರವಾಗುವುದಕ್ಕೆ ಈ ಜಾರು ಸ್ವರವೂ ಒಂದು ಕಾರಣವಿರಬಹುದು.

ಈ ಚೌಕಟ್ಟನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಹತ್ತಾರು ವರ್ಷಗಳ ಸಾಧನೆ ಬೇಡುವ ಕಲೆಗಳಿಗೆ ನನ್ನ ಗೌರವ ಎಳ್ಳಷ್ಟೂ ಕಡಿಮೆಯಲ್ಲ, ಆದರೆ ಈ ಸಂಗೀತದ ಕತೆಯಲ್ಲಿ ಹೊಸ್ತಿಲು ತಗ್ಗಾಗಿದ್ದದ್ದೇ ಮುಖ್ಯವಾದ ಸಂಗತಿ.

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ಹತ್ತಿಹೊಲಗಳನ್ನೂ ಅಲ್ಲಿನ ಹಿಂಸೆಯನ್ನೂ ಬಿಟ್ಟು ಷಿಕಾಗೋ, ಡೆಟ್ರಾಯಿಟ್, ಲಾಸ್ ಏಂಜಲೀಸ್‌ನಂಥ ನಗರಗಳಿಗೆ ಗುಳೆ ಹೋದರು. ಬ್ಲೂಸ್ ಅವರೊಂದಿಗೆ ಹೋಯಿತು. ಹಳ್ಳಿಯ ಜಗಲಿಯಲ್ಲಿ ಒಂಟಿ ಗಿಟಾರಿಗೆ ಹಾಡಿಕೊಳ್ಳುತ್ತಿದ್ದವನು ನಗರದ ಗದ್ದಲದ ಹೆಂಡದಂಗಡಿಯಲ್ಲಿ ಕೇಳಿಸಬೇಕಾದರೆ ವಿದ್ಯುತ್ತಿನ ನೆರವು ಬೇಕೇ ಬೇಕು. 1943ರಲ್ಲಿ ಷಿಕಾಗೋ ಸೇರಿದ ಮಡ್ಡಿ ವಾಟರ್ಸ್ ಎಲೆಕ್ಟ್ರಿಕ್ ಗಿಟಾರ್ ಹಿಡಿದದ್ದು ಈ ಅಗತ್ಯದಿಂದಲೇ. ದೊಡ್ಡ ಧ್ವನಿಮುದ್ರಣ ಕಂಪನಿಗಳು ಈ ಹಾಡುಗಳ ಕಡೆಗೆ ಹೆಚ್ಚು ಗಮನ ಕೊಡದಿದ್ದುದರಿಂದ ಷಿಕಾಗೋದ ಚೆಸ್, ಲಾಸ್ ಏಂಜಲೀಸ್‌ನ ಸ್ಪೆಷಾಲ್ಟಿ, ನ್ಯೂಯಾರ್ಕಿನ ಅಟ್ಲಾಂಟಿಕ್ ಮುಂತಾದ ಪುಟ್ಟ ಕಂಪನಿಗಳು ಆ ಜಾಗವನ್ನು ತುಂಬಿದವು. ಇಂಥ ಸಣ್ಣವರಲ್ಲಿ ಒಬ್ಬನಾದ ಸ್ಯಾಮ್ ಫಿಲಿಪ್ಸ್ 1950ರ ಜನವರಿಯಲ್ಲಿ ಟೆನೆಸಿ ರಾಜ್ಯದ ಮೆಂಫಿಸ್ ನಗರದ 706, ಯೂನಿಯನ್ ಅವೆನ್ಯೂ ಎಂಬ ವಿಳಾಸದಲ್ಲಿ ಒಂದು ಚಿಕ್ಕ ಸ್ಟುಡಿಯೋ ತೆರೆದ. ಮದುವೆಗಳನ್ನೂ ಭಾಷಣಗಳನ್ನೂ ಮುದ್ರಿಸಿ ಬಾಡಿಗೆ ಕಟ್ಟುತ್ತಿದ್ದರೂ ಅವನ ಮನಸ್ಸಿದ್ದದ್ದು ಆ ಊರಿನ ಕಪ್ಪು ಕಲಾವಿದರ ಹಾಡುಗಳಲ್ಲಿ.

1951ರ ಮಾರ್ಚ್ ತಿಂಗಳಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಿಂದ ಐಕ್ ಟರ್ನರ್‌ನ ತಂಡ ಕಾರಿನಲ್ಲಿ ಆ ಸ್ಟುಡಿಯೋಗೆ ಹೊರಟಿತು. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಪೆಟ್ಟುತಿಂದು, ಒಳಗಿನ ಸ್ಪೀಕರಿನ ಕಾಗದದ ಶಂಕು ಹರಿದುಹೋಯಿತು. ರಿಪೇರಿಗೆ ಸಮಯವಿರಲಿಲ್ಲ. ಫಿಲಿಪ್ಸ್ ಹರಿದ ಭಾಗದೊಳಗೆ ಕಾಗದ ತುರುಕಿ ನುಡಿಸಲು ಹೇಳಿದ. ಬಂದದ್ದು ಶುದ್ಧನಾದವಲ್ಲ, ಕೆಳಸ್ವರಗಳಲ್ಲಿ ಸ್ಯಾಕ್ಸೋಫೋನ್ ಗೊರಗುಟ್ಟಿದಂತೆ ಕೇಳಿಸುವ, ಅಂಚು ಒರಟಾದ ಒಂದು ಗುಂಯ್‌ಗುಡುವಿಕೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಡಗಿಸುತ್ತಿದ್ದರು. ಫಿಲಿಪ್ಸ್ ಅದನ್ನೇ ಮುಂದಕ್ಕೆ ತಂದು ಗಟ್ಟಿಯಾಗಿ ಮುದ್ರಿಸಿದ. ಒಂದು ಕಾರಿನ ಹೊಗಳಿಕೆಯಾದ 'ರಾಕೆಟ್ 88' ಎಂಬ ಆ ಹಾಡು ಚೆಸ್ ಕಂಪನಿಯಿಂದ ಹೊರಬಂದು ಆ ವರ್ಷ ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ಡಿಸ್ಕಿನ ಮೇಲೆ ಅಚ್ಚಾದದ್ದು ಹಾಡಿದ ಸ್ಯಾಕ್ಸೋಫೋನ್ ವಾದಕ ಜಾಕಿ ಬ್ರೆನ್‌ಸ್ಟನ್‌ನ ಹೆಸರು. ತಂಡದ ನಾಯಕನ ಹೆಸರು ಅಲ್ಲಿರಲಿಲ್ಲ. ಮುಂದೆ ರಾಕ್ ಸಂಗೀತದ ಗುರುತೇ ಆಗಿಬಿಟ್ಟ, ಇಂದು ಗಿಟಾರ್ ವಾದಕರು ದುಡ್ಡು ಕೊಟ್ಟು ಉಪಕರಣ ಕೊಂಡು ಹುಟ್ಟಿಸುವ ಆ ಸೀಳುದನಿ, ಹರಿದ ಕಾಗದದ ಬಾಯಿಂದ ಹೀಗೆ ಕೇಳಿಬಂದಿತ್ತು.

ರಿದಮ್ ಅಂಡ್ ಬ್ಲೂಸ್ ಎಂಬ ಹೆಸರಿಗೂ ಒಂದು ಹಿನ್ನೆಲೆಯಿದೆ. ಕಪ್ಪು ಕಲಾವಿದರ ಧ್ವನಿಮುದ್ರಿಕೆಗಳನ್ನು 1920ರ ದಶಕದಿಂದಲೂ ವ್ಯಾಪಾರದ ಭಾಷೆಯಲ್ಲಿ ರೇಸ್ ರೆಕಾರ್ಡ್ಸ್, ಎಂದರೆ ಜನಾಂಗದ ಮುದ್ರಿಕೆಗಳು, ಎನ್ನುತ್ತಿದ್ದರು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಹೆಸರನ್ನು ಕೈಬಿಟ್ಟು, ತನ್ನ ವರದಿಗಾರನಾಗಿದ್ದ ಜೆರ್ರಿ ವೆಕ್ಸ್‌ಲರ್ ಸೂಚಿಸಿದ ಹೊಸ ಹೆಸರನ್ನು ಬಳಕೆಗೆ ತಂದಿತು. ಹೆಸರು ಬದಲಾದರೂ ಗೋಡೆ ಉಳಿದೇ ಇತ್ತು. ದಕ್ಷಿಣದಲ್ಲಿ ಶಾಲೆ, ಬಸ್ಸು, ಹೋಟೆಲು, ಆಸ್ಪತ್ರೆ ಎಲ್ಲವೂ ಬಣ್ಣದ ಪ್ರಕಾರ ಬೇರೆಬೇರೆಯಾಗಿದ್ದವು. ಸಂಗೀತ ಕಾರ್ಯಕ್ರಮಗಳಲ್ಲಿ ಸಭಾಂಗಣದ ನಡುವೆ ಹಗ್ಗ ಕಟ್ಟಿ ಪ್ರೇಕ್ಷಕರನ್ನು ಎರಡು ಪಾಲು ಮಾಡುವುದೂ ಇತ್ತು. ರೇಡಿಯೋ ಅಲೆಗಳಿಗೆ ಮಾತ್ರ ಹಗ್ಗ ಕಟ್ಟಲಾಗಲಿಲ್ಲ. ಮೆಂಫಿಸ್‌ನ ಡಬ್ಲ್ಯು.ಡಿ.ಐ.ಎ. ಕೇಂದ್ರ 1940ರ ದಶಕದ ಕೊನೆಯಲ್ಲಿ ಪೂರ್ತಿಯಾಗಿ ಕಪ್ಪು ಶ್ರೋತೃಗಳಿಗೆಂದೇ ಕಾರ್ಯಕ್ರಮ ಕೊಡತೊಡಗಿದಾಗ, ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಕೇಳುತ್ತಿದ್ದ ಬಿಳಿಯ ಮಕ್ಕಳನ್ನು ತಡೆಯುವವರಾರೂ ಇರಲಿಲ್ಲ. 1949ರಲ್ಲಿ ಬಂದ, ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ಡಿಸ್ಕು, 1954ರಲ್ಲಿ 49.95 ಡಾಲರಿಗೆ ಮಾರುಕಟ್ಟೆಗೆ ಬಂದ ರೀಜೆನ್ಸಿ ಕಂಪನಿಯ ಟ್ರಾನ್ಸಿಸ್ಟರ್ ರೇಡಿಯೋ, ಇವೆರಡೂ ಸಂಗೀತವನ್ನು ನಡುಮನೆಯಿಂದ, ಅಪ್ಪ ಅಮ್ಮನ ಕಿವಿಯ ಅಳವಿನಿಂದ ಆಚೆಗೆ ಸಾಗಿಸಿದವು.

ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಅಲನ್ ಫ್ರೀಡ್ ಎಂಬ ಬಿಳಿಯ ರೇಡಿಯೋ ನಿರೂಪಕ, ಲಿಯೋ ಮಿಂಟ್ಸ್ ಎಂಬ ಡಿಸ್ಕಿನಂಗಡಿಯವನ ಪ್ರೇರಣೆಯಿಂದ, 1951ರಲ್ಲಿ ರಾತ್ರಿಯ ಹೊತ್ತು ಈ ಹಾಡುಗಳನ್ನು ಹಾಕತೊಡಗಿದ. 1952ರ ಮಾರ್ಚ್ 21ರಂದು ಅವನು ಏರ್ಪಡಿಸಿದ ಕಾರ್ಯಕ್ರಮಕ್ಕೆ ಒಳಾಂಗಣ ಕ್ರೀಡಾಂಗಣ ಹಿಡಿಸಲಾರದಷ್ಟು ಜನ ನುಗ್ಗಿ, ಅದನ್ನು ಆರಂಭದಲ್ಲೇ ನಿಲ್ಲಿಸಬೇಕಾಯಿತು. ರಾಕ್ ಅಂಡ್ ರೋಲ್ ಎಂಬ ಮಾತನ್ನು ಹುಟ್ಟಿಸಿದವನು ಅವನಲ್ಲ, ಮನೆಮಾತು ಮಾಡಿದವನು ಅವನು. ಹಡಗಿನ ಓಲಾಟಕ್ಕೆ, ಚರ್ಚಿನಲ್ಲಿ ಮೈಮರೆತು ತೂಗಾಡುವುದಕ್ಕೆ, ಕಪ್ಪು ಜನರ ಆಡುಮಾತಿನಲ್ಲಿ ಕುಣಿತಕ್ಕೂ ಕೂಟಕ್ಕೂ ಬಳಕೆಯಲ್ಲಿದ್ದ ಆ ಪದಗಳು 1922ರಷ್ಟು ಹಿಂದೆಯೇ ಟ್ರಿಕ್ಸಿ ಸ್ಮಿತ್ ಹಾಡಿದ ಬ್ಲೂಸ್ ಒಂದರಲ್ಲಿ ಜೊತೆಯಾಗಿ ಬಂದಿದ್ದವು.

1954ರ ಜುಲೈ 5ರ ರಾತ್ರಿ ಮತ್ತೆ ಮೆಂಫಿಸ್‌ನ ಅದೇ ಸ್ಟುಡಿಯೋಗೆ ಹೋಗೋಣ. ಹತ್ತೊಂಬತ್ತು ವರ್ಷದ ಎಲ್ವಿಸ್ ಪ್ರೆಸ್ಲಿ ಒಂದು ವಿದ್ಯುತ್ ಗುತ್ತಿಗೆ ಕಂಪನಿಯಲ್ಲಿ ಟ್ರಕ್ ಓಡಿಸುತ್ತಿದ್ದ ಹುಡುಗ. ಗಿಟಾರ್ ವಾದಕ ಸ್ಕಾಟಿ ಮೂರ್ ಮತ್ತು ಬೇಸ್ ನುಡಿಸುವ ಬಿಲ್ ಬ್ಲ್ಯಾಕ್ ಅವನ ಜೊತೆಗಿದ್ದರು. ಡ್ರಮ್ಸ್ ಇರಲಿಲ್ಲ. ಗಂಟೆಗಟ್ಟಲೆ ನಿಧಾನಗತಿಯ ಭಾವಗೀತೆಗಳನ್ನು ಹಾಡಿಸಿದರೂ ಯಾವುದೂ ಕೂಡಿಬರಲಿಲ್ಲ. ವಿರಾಮದಲ್ಲಿ ಎಲ್ವಿಸ್ ದಣಿವು ಕಳೆಯಲೆಂಬಂತೆ ಆರ್ಥರ್ ಕ್ರುಡಪ್ ಎಂಬ ಕಪ್ಪು ಗಾಯಕನ 'ದಟ್ಸ್ ಆಲ್ ರೈಟ್' ಎಂಬ ಹಳೆಯ ಬ್ಲೂಸ್ ಹಾಡನ್ನು ಮೂಲಕ್ಕಿಂತ ಬೇಗದ ನಡೆಯಲ್ಲಿ ಕುಪ್ಪಳಿಸುತ್ತ ಹಾಡತೊಡಗಿದ. ಬ್ಲ್ಯಾಕ್ ತನ್ನ ಬೇಸಿನ ತಂತಿಗಳನ್ನು ಮರಕ್ಕೆ ಬಡಿಯುತ್ತ ಸೇರಿಕೊಂಡ, ಮೂರ್ ಅದಕ್ಕೊಂದು ನೇಯ್ಗೆ ಹಾಕಿದ. ಒಳಗಿನ ಕೋಣೆಯಿಂದ ತಲೆ ಹೊರಹಾಕಿದ ಫಿಲಿಪ್ಸ್ ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ ಅವರಿಗೇ ಅದು ಗೊತ್ತಿರಲಿಲ್ಲ. ಮೊದಲಿನಿಂದ ಶುರುಮಾಡಿ ಎಂದು ಹೇಳಿ ಅವನು ಟೇಪ್ ಓಡಿಸಿದ. ಆ ಸ್ಟುಡಿಯೋದ ಮುದ್ರಿಕೆಗಳಲ್ಲಿ ಕಂಠದ ಹಿಂದೆಯೇ ಅದರ ನೆರಳಿನಂತೆ ಕೇಳಿಸುವ ಮರುದನಿ ಎರಡು ಟೇಪ್ ಯಂತ್ರಗಳ ಫಲ: ಧ್ವನಿಯನ್ನು ಬರೆಯುವ ತಲೆಯಿಂದ ಓದುವ ತಲೆಗೆ ಟೇಪು ಸಾಗುವ ಅರೆಕ್ಷಣದ ಅಂತರವನ್ನೇ ಫಿಲಿಪ್ಸ್ ಮರುದನಿಯಾಗಿ ಬಳಸಿಕೊಂಡಿದ್ದ. ಚಿಕ್ಕ ಕೋಣೆಯಲ್ಲಿ ನಿಂತ ಮೂವರ ಸದ್ದು ಅದರಿಂದ ದೊಡ್ಡ ಜಾಗದ ಸದ್ದಾಯಿತು.

ಕೆಲವೇ ದಿನಗಳಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ಸ್ಥಳೀಯ ನಿರೂಪಕ ಆ ಹಾಡನ್ನು ರೇಡಿಯೋದಲ್ಲಿ ಹಾಕಿದ. ಫೋನುಗಳು ನಿಲ್ಲದೆ ಬಂದದ್ದರಿಂದ ಮತ್ತೆ ಮತ್ತೆ ಹಾಕಿದ. ಅಂಜಿಕೆಯಿಂದ ಸಿನಿಮಾ ಮಂದಿರದಲ್ಲಿ ಹೋಗಿ ಕುಳಿತಿದ್ದ ಹುಡುಗನನ್ನು ಹುಡುಕಿ ಕರೆಸಿ ಮಾತಾಡಿಸುವಾಗ ನಿರೂಪಕ ಕೇಳಿದ ಪ್ರಶ್ನೆಗಳಲ್ಲಿ ಒಂದು, ಯಾವ ಹೈಸ್ಕೂಲಿನಲ್ಲಿ ಓದಿದ್ದು ಎಂಬುದು. ಹ್ಯೂಮ್ಸ್ ಎಂದು ಹುಡುಗ ಉತ್ತರಿಸಿದ. ಅದು ಬಿಳಿಯರ ಶಾಲೆ. ಹಾಡಿದವನು ಬಿಳಿಯನೆಂದು ಕೇಳುಗರಿಗೆ ತಿಳಿಸಲು ಅಷ್ಟು ಸಾಕಾಗಿತ್ತು. ಆ ಒಂದು ಪ್ರಶ್ನೆಯಲ್ಲಿ ಆ ಕಾಲದ ಅಮೆರಿಕ ಪೂರ್ತಿಯಾಗಿ ಕಾಣುತ್ತದೆ. ಬಣ್ಣದ ಆಧಾರದಲ್ಲಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಆ ದೇಶದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು ಆಗ ಎರಡು ತಿಂಗಳೂ ಆಗಿರಲಿಲ್ಲ.

ನನ್ನ ಮಟ್ಟಿಗೆ ಈ ಸಂಗೀತದ ಅತ್ಯಂತ ಎತ್ತರದ ವರ್ಷ 1955. ಬಿಲ್ ಹೇಲಿಯ 'ರಾಕ್ ಅರೌಂಡ್ ದ ಕ್ಲಾಕ್' ಹಿಂದಿನ ವರ್ಷವೇ ಬಂದು ಸದ್ದು ಮಾಡದೆ ಹೋಗಿದ್ದು, ಒಂದು ಚಲನಚಿತ್ರದಲ್ಲಿ ಬಳಕೆಯಾದ ಮೇಲೆ ಆ ಜುಲೈನಲ್ಲಿ ದೇಶದ ಮೊದಲ ಸ್ಥಾನಕ್ಕೇರಿತು. ಆದರೆ ಆಳವಾದ ಬದಲಾವಣೆ ನಡೆದದ್ದು ನ್ಯೂ ಆರ್ಲಿಯನ್ಸ್ ಮತ್ತು ಷಿಕಾಗೋದಲ್ಲಿ. ಸೆಪ್ಟೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನ ಕಾಸಿಮೋ ಮಟಾಸಾನ ಸ್ಟುಡಿಯೋದಲ್ಲಿ ಲಿಟಲ್ ರಿಚರ್ಡ್ ಎಂಬ ಯುವಕ ಹಾಡುತ್ತಿದ್ದ. ಜಾರ್ಜಿಯಾದ ಮೇಕನ್ ಊರಿನ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆದು ಬದುಕಿದ್ದವನು. ಅಲ್ಲಿಯೂ ಕೆಲಸ ಕೂಡಿಬರಲಿಲ್ಲ, ಅಲ್ಲಿಯೂ ವಿರಾಮವೇ ಕಾಪಾಡಿತು. ಊಟಕ್ಕೆಂದು ಹೋದ ಡ್ಯೂ ಡ್ರಾಪ್ ಇನ್ ಎಂಬಲ್ಲಿ ಪಿಯಾನೋ ಕಂಡ ರಿಚರ್ಡ್, ಕ್ಲಬ್ಬುಗಳಲ್ಲಿ ತಾನು ಹಾಡುತ್ತಿದ್ದ ಪೋಲಿ ಹಾಡೊಂದನ್ನು ಕಿರುಚಿ ಹಾಡಿದ. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಕೇಳಿದೊಡನೆ ಎಚ್ಚೆತ್ತು, ಡೊರೊತಿ ಲಬಾಸ್ಟ್ರಿ ಎಂಬ ಯುವ ಕವಯಿತ್ರಿಯಿಂದ ಹೊಸ ಸಾಲುಗಳನ್ನು ಬರೆಸಿ, ಉಳಿದ ಸ್ವಲ್ಪ ಹೊತ್ತಿನಲ್ಲೇ 'ಟುಟಿ ಫ್ರುಟಿ'ಯನ್ನು ಮುದ್ರಿಸಿದ. ಹಾಡು ಶುರುವಾಗುವ ಆ ಅರ್ಥವಿಲ್ಲದ ಕೂಗು ರಿಚರ್ಡ್ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದ ಡ್ರಮ್ಮಿನ ನುಡಿ. ಮೃದಂಗದವರು ಬಾಯಲ್ಲಿ ಹೇಳುವ ಸೊಲ್ಲುಕಟ್ಟಿನ ಹಾಗೆ ಅದನ್ನವನು ಹೇಳಿಬಿಟ್ಟ.

ಅಲ್ಲಿ ಲಯದಲ್ಲಿಯೂ ಒಂದು ತಿರುವು ಕಾಣುತ್ತದೆ. ಅಲ್ಲಿಯವರೆಗಿನ ಬ್ಲೂಸ್ ಮತ್ತು ಜಾಜ್ ನಡೆ ಬಹುಮಟ್ಟಿಗೆ ಷಫಲ್ ಆಗಿತ್ತು: ಪ್ರತಿ ಎಣಿಕೆಯೊಳಗೆ ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ, ನಮ್ಮ ತಿಶ್ರ ನಡೆಯ ತೂಗಾಟದಂತೆ. ರಿಚರ್ಡನ ಬಲಗೈ ಪಿಯಾನೋದ ಮೇಲೆ ಒಂದೊಂದು ಎಣಿಕೆಯನ್ನೂ ಎರಡು ಸಮಪಾಲು ಮಾಡಿ ಕುಟ್ಟುತ್ತಿತ್ತು. ಅದರೊಡನೆ ಹೆಜ್ಜೆ ಹಾಕಬೇಕಾದ ಡ್ರಮ್ಸ್ ವಾದಕ ಅರ್ಲ್ ಪಾಮರ್, ಜಾಜ್‌ನಲ್ಲಿ ಪಳಗಿದ ಕೈಯಿದ್ದೂ, ತೂಗಾಟ ಬಿಟ್ಟು ನೇರ ನಡೆಗೆ ಬಂದ, ಎರಡು ನಾಲ್ಕರ ಮೇಲೆ ಬಲವಾಗಿ ಹೊಡೆದ. ತೂಗುವ ಸಂಗೀತ ಓಡುವ ಸಂಗೀತವಾದದ್ದು ಹೀಗೆ.

ಷಿಕಾಗೋದಲ್ಲಿ ಅದೇ ವರ್ಷದ ಮೇ 21ರಂದು ಸೇಂಟ್ ಲೂಯಿಸ್‌ನ ಚಕ್ ಬೆರ್ರಿ 'ಮೇಬಲೀನ್' ಮುದ್ರಿಸಿದ. ಬಿಳಿಯರ ಕಂಟ್ರಿ ಸಂಗೀತದ ಒಂದು ಹಳೆಯ ಹಾಡಿನ ಜಾಡಿನಲ್ಲಿ ಬ್ಲೂಸ್ ಕಲಿತ ಕಪ್ಪು ಗಿಟಾರ್ ವಾದಕ ನಡೆದ ಹಾಡದು. ವರ್ಷದ ಹಿಂದೆ ಎಲ್ವಿಸ್ ಎದುರು ದಿಕ್ಕಿನಿಂದ ದಾಟಿದ್ದ ಸೇತುವೆಯನ್ನೇ ಬೆರ್ರಿ ಇತ್ತಲಿಂದ ದಾಟಿದ. ಬೂಗಿ-ವೂಗಿ ಎಂಬ ಬ್ಲೂಸ್ ಶೈಲಿಯ ಪಿಯಾನೋದ ಎಡಗೈ ಗುದ್ದನ್ನು ಅವನು ಗಿಟಾರಿಗೆ ತಂದ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಬಾಗಿಸುವ, ಬ್ಲೂಸ್ ಗಿಟಾರ್ ವಾದಕ ಟಿ-ಬೋನ್ ವಾಕರ್‌ನ ರೀತಿಯನ್ನು ಹರಿತಗೊಳಿಸಿದ. ಅಷ್ಟಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅವನ ಸಾಹಿತ್ಯ. ಮೂವತ್ತರ ಹತ್ತಿರ ಬಂದಿದ್ದ ಆತ ಹದಿಹರೆಯದವರ ಲೋಕವನ್ನು, ಅವರ ಶಾಲೆಯ ಗಂಟೆ, ಕಾರಿನ ಓಟ, ಕಾಸು ಹಾಕಿದರೆ ಹಾಡು ಕೇಳಿಸುವ ಜೂಕ್‌ಬಾಕ್ಸಿನ ನಾಣ್ಯವನ್ನು, ಪ್ರತಿ ಅಕ್ಷರವೂ ಗಿಟಾರಿನ ಪೆಟ್ಟಿಗೆ ಸರಿಯಾಗಿ ಬೀಳುವಂತೆ ಕತೆಯಾಗಿ ಹೇಳಿದ. ಯುದ್ಧಾನಂತರದ ಸಮೃದ್ಧಿಯಲ್ಲಿ ಕೈಯಲ್ಲಿ ಸ್ವಲ್ಪ ಕಾಸು ಕಂಡ ಆ ತಲೆಮಾರಿಗೆ ತನ್ನ ದಿನಚರಿಯೇ ಹಾಡಾಗಬಲ್ಲದೆಂದು ಗೊತ್ತಾದದ್ದು ಅವನಿಂದ.

ಕಾಸಿನ ಕತೆ ಮಾತ್ರ ನೋವಿನದು. 'ಮೇಬಲೀನ್' ಹೊರಬಂದಾಗ ಅದರ ಕರ್ತೃಗಳ ಪಟ್ಟಿಯಲ್ಲಿ ಬೆರ್ರಿಯ ಜೊತೆಗೆ ಅಲನ್ ಫ್ರೀಡ್‌ನ ಹೆಸರೂ ಇನ್ನೊಬ್ಬ ವ್ಯಾಪಾರಿಯ ಹೆಸರೂ ಸೇರಿದ್ದವು. ಹಾಡಿನ ಪೂರ್ಣ ಹಕ್ಕು ಬೆರ್ರಿಗೆ ಮರಳಿದ್ದು 1986ರಲ್ಲಿ. ಕಪ್ಪು ಕಲಾವಿದರ ಹಾಡು ಗೆಲ್ಲುವ ಸೂಚನೆ ಕಂಡೊಡನೆ ಬಿಳಿಯ ಗಾಯಕರಿಂದ ಅದನ್ನೇ ಮತ್ತೆ ಹಾಡಿಸಿ ಮಾರುವುದು ಆಗಿನ ರೂಢಿ. ಪ್ಯಾಟ್ ಬೂನ್ ನಯಗೊಳಿಸಿ ಹಾಡಿದ 'ಟುಟಿ ಫ್ರುಟಿ' ದೇಶದ ಪಾಪ್ ಪಟ್ಟಿಯಲ್ಲಿ ರಿಚರ್ಡ್‌ನ ಮೂಲಕ್ಕಿಂತ ಮೇಲಕ್ಕೇರಿತು. ಎಲ್ವಿಸ್‌ನ ಮೊದಲ ಹಾಡನ್ನು ಬರೆದ ಆರ್ಥರ್ ಕ್ರುಡಪ್‌ಗೆ ನ್ಯಾಯವಾಗಿ ಸಲ್ಲಬೇಕಾದ ರಾಯಧನದ ಬಹುಪಾಲು ಬದುಕಿದ್ದಷ್ಟು ಕಾಲ ಕೈಸೇರಲೇ ಇಲ್ಲ. ಎಲ್ವಿಸ್ ಕಪ್ಪು ಗಾಯಕರ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡವನು, ಅವನ ಪ್ರತಿಭೆಯ ಬಗ್ಗೆಯೂ ಅನುಮಾನವಿಲ್ಲ. ಆದರೆ 1955ರ ನವೆಂಬರ್‌ನಲ್ಲಿ ಆರ್‌ಸಿಎ ಕಂಪನಿ ಅವನ ಒಪ್ಪಂದವನ್ನು 35,000 ಡಾಲರಿಗೆ ಕೊಂಡಿತೆಂಬುದನ್ನು ಓದುವಾಗ ಕ್ರುಡಪ್ ನೆನಪಾಗದೆ ಇರುವುದಿಲ್ಲ.

ಮೊದಲ ಅಲೆ ಬೇಗನೆ ಇಳಿಯಿತು. 1957ರಲ್ಲಿ ರಿಚರ್ಡ್ ಧರ್ಮಬೋಧನೆಯತ್ತ ತಿರುಗಿದ, 1958ರ ಮಾರ್ಚ್‌ನಲ್ಲಿ ಎಲ್ವಿಸ್ ಸೈನ್ಯ ಸೇರಿದ, 1959ರ ಫೆಬ್ರವರಿ 3ರಂದು ಗಾಯಕರಾದ ಇಪ್ಪತ್ತೆರಡರ ಬಡ್ಡಿ ಹಾಲಿಯೂ ಹದಿನೇಳರ ರಿಚೀ ವ್ಯಾಲೆನ್ಸ್‌ನೂ ಅಯೋವಾದಲ್ಲಿ ವಿಮಾನ ಬಿದ್ದು ತೀರಿಕೊಂಡರು. ವರ್ಷ ಮುಗಿಯುವ ಮೊದಲೇ ಬೆರ್ರಿ ಬಂಧನಕ್ಕೊಳಗಾದ, ಹಾಡು ಹಾಕಲು ಲಂಚ ಪಡೆದ ಹಗರಣದಲ್ಲಿ ಫ್ರೀಡ್ ಕೆಲಸ ಕಳೆದುಕೊಂಡ.

ಆದರೂ ಈ ಸಂಗೀತ ಉಳಿದದ್ದು ಏಕೆಂದರೆ ಅಷ್ಟರಲ್ಲಿ ಅದು ಬೇರೆಯವರ ಕೈಗೆ ಹೋಗಿಯಾಗಿತ್ತು. ಬ್ರಿಟನ್ನಿನಲ್ಲಿ ಆಗ ಸ್ಕಿಫಲ್ ಎಂಬ ಗುಂಗು ಹಬ್ಬಿತ್ತು: ಅಗ್ಗದ ಗಿಟಾರು, ಬಟ್ಟೆ ಒಗೆಯುವ ತಗಡಿನ ಹಲಗೆ, ಚಹಾದ ಪೆಟ್ಟಿಗೆಗೆ ಕೋಲು ಹುರಿ ಕಟ್ಟಿ ಮಾಡಿದ ಬೇಸು, ಇಷ್ಟಿದ್ದರೆ ತಂಡ ಸಿದ್ಧ. 1957ರ ಜುಲೈ 6ರಂದು ಲಿವರ್‌ಪೂಲಿನ ವೂಲ್ಟನ್ ಬಡಾವಣೆಯ ಚರ್ಚಿನ ಜಾತ್ರೆಯಲ್ಲಿ ಅಂಥ ತಂಡ ಕಟ್ಟಿಕೊಂಡು ಹಾಡುತ್ತಿದ್ದ ಹದಿನಾರರ ಜಾನ್ ಲೆನನ್‌ನನ್ನು ಹದಿನೈದರ ಪಾಲ್ ಮಕಾರ್ಟ್ನಿ ಭೇಟಿಯಾದ. ಜಾನ್ ಹಿಡಿಯುತ್ತಿದ್ದದ್ದು ತಾಯಿ ಕಲಿಸಿದ ಬ್ಯಾಂಜೋ ಕಾರ್ಡುಗಳು; ಪಾಲ್‌ಗೆ ಗಿಟಾರನ್ನು ಶ್ರುತಿ ಮಾಡಲು ಬರುತ್ತಿತ್ತು, ಅಮೆರಿಕದ ರಾಕ್ ಗಾಯಕ ಎಡ್ಡಿ ಕಾಕ್ರನ್‌ನ ಹಾಡೊಂದರ ಎಲ್ಲ ಸಾಲುಗಳೂ ನೆನಪಿದ್ದವು. ಬೀಟಲ್ಸ್ ತಂಡಕ್ಕೆ ಬುನಾದಿಯಾದ ವಿದ್ಯೆ ಅಷ್ಟೇ. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜಾಗರ್‌ನ ಕಂಕುಳಲ್ಲಿದ್ದ ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ಡಿಸ್ಕುಗಳನ್ನು ಕಂಡು ಕೀತ್ ರಿಚರ್ಡ್ಸ್ ಮಾತಿಗೆಳೆದ. ಅವರ ರೋಲಿಂಗ್ ಸ್ಟೋನ್ಸ್ ತಂಡದ ಮೊದಲ ಮುದ್ರಿಕೆ ಬೆರ್ರಿಯ ಹಾಡೇ. ಅದೇ ತಂಡ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು.

ಈ ಸಂಗೀತ ತನ್ನ ಚೌಕಟ್ಟನ್ನು ಪೂರ್ತಿಯಾಗಿ ಬಯಲಿಗಿಟ್ಟಿದೆ. ಮೂರು ಕಾರ್ಡು, 48 ಎಣಿಕೆ, ಎರಡು ನಾಲ್ಕರ ಪೆಟ್ಟು ಎಲ್ಲರಿಗೂ ಒಂದೇ. ಆದ್ದರಿಂದಲೇ ಅದರೊಳಗೆ ನಿಂತವನ ಕಂಠದ ಬಿರುಕು, ಊರಿನ ಉಚ್ಚಾರ, ಅವಸರ, ಆಸೆ ಎಲ್ಲವೂ ಮರೆಯಿಲ್ಲದೆ ಕೇಳಿಸುತ್ತವೆ. ಎರಡೂವರೆ ನಿಮಿಷದಲ್ಲಿ ಹಾಡು ಮುಗಿಯುವುದರಿಂದ ಹೇಳಬೇಕಾದುದನ್ನು ಕೂಡಲೇ ಹೇಳಬೇಕು. ಕೇಳುವವನಿಗೂ ಅಲ್ಲಿ ಒಂದು ಕೆಲಸವಿದೆ. ಎರಡು ಮತ್ತು ನಾಲ್ಕರ ಚಪ್ಪಾಳೆ ಅವನ ಪಾಲಿನದು.

ಚಕ್ ಬೆರ್ರಿ 1958ರಲ್ಲಿ ಹೊರತಂದ 'ಜಾನಿ ಬಿ. ಗುಡ್' ಓದುಬರಹ ಅಷ್ಟಾಗಿ ಬಾರದ, ಗಿಟಾರನ್ನು ಮಾತ್ರ ಸಲೀಸಾಗಿ ನುಡಿಸಬಲ್ಲ ಒಬ್ಬ ಹಳ್ಳಿಯ ಹುಡುಗನ ಹಾಡು. 1977ರಲ್ಲಿ ವಾಯೇಜರ್ ನೌಕೆಗಳೆರಡನ್ನು ಆಕಾಶಕ್ಕೆ ಕಳಿಸುವಾಗ, ಭೂಮಿಯ ಸದ್ದುಗಳನ್ನು ತುಂಬಿ ಚಿನ್ನದ ಲೇಪ ಕೊಟ್ಟ ತಾಮ್ರದ ಡಿಸ್ಕನ್ನು ಪ್ರತಿಯೊಂದರಲ್ಲೂ ಇರಿಸಿದರು. ಬಾಖ್, ಬೀಥೋವನ್, ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ ಇರುವ ಆ ಡಿಸ್ಕಿನಲ್ಲಿ ಬೆರ್ರಿಯ ಈ ಹಾಡೂ ಇದೆ. ಅದರ ಇನ್ನೊಂದು ಭಾಗದಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಒಂದು, ನಮಸ್ತೆ ಎಂದು ಶುರುವಾಗಿ ಕನ್ನಡಿಗರ ಪರವಾಗಿ ಹಾರೈಸುವ ಕನ್ನಡದ ದನಿ.